ಒಂದೇ ಬೆಳಿಗ್ಗೆ ಎರಡು ಸಲ ಒಡೆದ ದೀಪ

ಭಾವನವರಿಗೆ, ನಿಮ್ಮ ನಾದಿನಿಯ ನಮಸ್ಕಾರ.

ಎದುರು ಕೂತು ಹೇಳಿದರೆ ನೀವು ಏನಾದರೊಂದು ತಮಾಷೆ ಮಾಡಿ ಮಾತು ಮರೆಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಹೊರರಾಜ್ಯದ ಕನ್ನಡಕದ ಅಂಗಡಿಯವರು ನಿಮ್ಮ ಮೇಲೆ ಕೊಟ್ಟಿರುವ ದೂರಿನ ಜೊತೆ ಒಂದು ಹೇಳಿಕೆ ಇದೆ. ಅದನ್ನು ಬರೆದುಕೊಟ್ಟವಳು ನಾನು. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ.

ನಾನು ಶಾಲೆ ಬಿಟ್ಟಾಗ ಅಪ್ಪ ಮನೆ ಬಾಗಿಲು ಹಾಕಿಕೊಂಡರು, ನೀವು ತೆರೆದಿರಿ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವಳು, ಗಾಡಿಗಳ ಹತ್ರಾನೇ ಇರ್ಲಿ ಬಿಡು" ಎಂದು ಅಕ್ಕನಿಗೆ ಹೇಳಿ, ಹೆದ್ದಾರಿ ಪಕ್ಕದ ಗಾಡಿ ಲೈಟಿನ ಅಂಗಡಿಯಲ್ಲಿ ಕೆಲಸ ಕೊಡಿಸಿದಿರಿ. ಬೆಂಚಿನ ಮೇಲೆ ಅರ್ಧ ಗಂಟೆ ಕೂರಲಾಗದ ನಾನು ಅಲ್ಲಿ ಇಡೀ ದಿನ ನಿಂತು ಕೆಲಸ ಕಲಿತೆ. ಆ ಋಣ ಮರೆತಿಲ್ಲ.

ಆದರೆ ಕೆಲಸ ಕಲಿತದ್ದೇ ತಪ್ಪಾಯಿತು. ಗಾಡಿ ಹಿಂದಕ್ಕೆ ಹೋಗಿ ಗೋಡೆಗೆ ತಾಗಿದರೆ ಬಂಪರ್ ಗೀಚಿರುತ್ತದೆ, ದೀಪದ ಸುತ್ತಲಿನ ಚೌಕಟ್ಟು ಸೊಟ್ಟಗಾಗಿರುತ್ತದೆ. ನನ್ನ ಬಳಿ ಬರುತ್ತಿದ್ದವುಗಳಲ್ಲಿ ಅದೇನೂ ಇರಲಿಲ್ಲ. ಹಿಂದಿನ ಕೆಂಪು ದೀಪದ ನಟ್ಟನಡುವೆ ಒಂದೇ ಪೆಟ್ಟು, ಸುತ್ತ ಜೇಡರ ಬಲೆಯಂತೆ ಬಿರುಕು. ಯಾವಾಗಲೂ ಚಾಲಕ ಕೂರದ ಬದಿ. ಯಾವಾಗಲೂ ಹೊರರಾಜ್ಯದ ನಂಬರು. ಎಲ್ಲರದೂ ಒಂದೇ ಮಾತು: ನೀವು ಡ್ಯೂಟಿಗೆ ನಿಲ್ಲುವ ತಿರುವಿನಲ್ಲಿ ಪೊಲೀಸರು ತಡೆದು ತೋರಿಸುವವರೆಗೆ ಒಡೆದದ್ದೇ ಗೊತ್ತಿರಲಿಲ್ಲ. ದಂಡ ಕೊಟ್ಟೇ ಬಂದಿರುತ್ತಿದ್ದರು. ರಸೀದಿ ಯಾರ ಹತ್ತಿರವೂ ಇರಲಿಲ್ಲ.

ಮಾಲೀಕರನ್ನು ಕೇಳಿದರೆ, "ಆ ಕಡೆಯವ್ರಿಗೆ ರಿವರ್ಸ್ ತೆಗೆಯೋಕೆ ಬರಲ್ಲಮ್ಮ. ನೀನು ಸ್ಕ್ರೂ ತಿರುಗ್ಸು, ತಲೆ ತಿರುಗಿಸ್ಬೇಡ" ಎಂದರು.

ಅಂದಿನಿಂದ ಮನೆಯಲ್ಲಿ ನಿಮ್ಮನ್ನು ಕಳ್ಳಗಣ್ಣಿನಿಂದ ನೋಡತೊಡಗಿದೆ. ನೀವು ನಕ್ಕರೆ ಯಾಕೆ ನಕ್ಕಿರಿ ಎನಿಸುತ್ತಿತ್ತು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀರಿ ಎನಿಸುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ, "ಎಲ್ಲಾ ಗಾಡೀಲೂ ಅದೇ ಬದಿ ಹೇಗೆ ಒಡೆಯುತ್ತೆ ಭಾವ?" ಎಂದು ಕೇಳಿಯೇಬಿಟ್ಟೆ. "ಏನಮ್ಮ ಪತ್ತೇದಾರಿಣಿ, ಮೊದ್ಲು ಉಣ್ಣು" ಎಂದಿರಿ. ಆದರೆ ನಿಮ್ಮ ಕಣ್ಣು ಬಾಗಿಲ ಹಿಂದಿನ ಲಾಠಿಯ ಕಡೆ ಹೋಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮರುದಿನ ಕಸ ಗುಡಿಸುವಾಗ ಅದರ ತುದಿಯ ಹಿತ್ತಾಳೆ ಕಟ್ಟನ್ನು ಉಗುರಿನಿಂದ ಕೆರೆದೆ. ಕೆಂಪು ಪುಡಿ ಬಂತು. ಆಗಲೂ ನಿಮ್ಮ ಪರವಾಗಿ ನನ್ನೊಡನೆಯೇ ವಾದ ಮಾಡಿದೆ: ಬಣ್ಣ ಎಲ್ಲಿಂದ ಬೇಕಾದರೂ ಅಂಟಬಹುದು.

ಮಂಗಳವಾರ ಆ ವಾದವೂ ಬಿದ್ದುಹೋಯಿತು. ಬೆಳಿಗ್ಗೆ ದೀಪ ಒಡೆದುಕೊಂಡು ಬಂದ ಕನ್ನಡಕದ ಅಂಗಡಿಯವರ ಗಾಡಿಗೆ ಹೊಸದು ಹಾಕಿದೆ. ಅವರು ಬ್ರೇಕು ಒತ್ತಿದರು, ಎರಡೂ ದೀಪ ಹೊತ್ತಿಕೊಂಡದ್ದನ್ನು ಹಿಂದೆ ನಿಂತು ನೋಡಿ, ಒರೆಸಿ ಕಳಿಸಿದೆ. ದಾರಿ ತಪ್ಪಿದ ಅವರು ಪೆಟ್ರೋಲ್ ಬಂಕಿನ ಬಳಿ ತಿರುಗಿ ಮತ್ತೆ ನಿಮ್ಮ ತಿರುವಿಗೇ ಬಂದರಂತೆ. ಮುಕ್ಕಾಲು ಗಂಟೆಯಲ್ಲಿ ಅಂಗಡಿ ಮುಂದಿದ್ದರು. ಅದೇ ದೀಪ, ಅದೇ ಪೆಟ್ಟು.

"ಅದೇ ಸಾಹೇಬ್ರು, ಅದೇ ಮಾತು. ನನ್ನ ಗುರುತೇ ಸಿಗಲಿಲ್ಲ ಅವ್ರಿಗೆ" ಎಂದರು. "ನಾನು ಕಣ್ಣು ಪರೀಕ್ಷೆ ಮಾಡೋನಮ್ಮ. ಅವ್ರಿಗೆ ನಂಬರ್ ಪ್ಲೇಟ್ ಬಿಟ್ಟು ಬೇರೇನೂ ಕಾಣಲ್ಲ ಅಂತ ಬರ್ಕೊಡ್ಲಾ?"

ಆಮೇಲೆ ನಗು ನಿಲ್ಲಿಸಿ ಕಾಗದ ಮುಂದಿಟ್ಟರು. ಗಾಡಿ ಇಲ್ಲಿಂದ ಹೊರಟಾಗ ದೀಪ ಸರಿಯಿತ್ತು ಎಂದು ಬರೆದರೆ ಸಾಕು ಎಂದರು. ನಿಮ್ಮ ಎದೆಯ ಮೇಲಿನ ಹೆಸರನ್ನು ಆಗಲೇ ಅದರಲ್ಲಿ ಬರೆದಿದ್ದರು.

"ಅವ್ರು ನನ್ನ ಭಾವ" ಎಂದೆ.

ಅವರು ಕಾಗದ ಹಿಂದಕ್ಕೆ ಎಳೆದುಕೊಂಡರು. "ಬೇಡ ಬಿಡಮ್ಮ. ನನ್ನ ದೀಪ ಒಡೀತು, ಸರಿ. ನಿನ್ನ ಮನೆ ಯಾಕೆ ಒಡೀಬೇಕು" ಎಂದು ಮಡಚಿ ಜೇಬಿಗಿಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನೀವು ಆ ಮನುಷ್ಯನ ಮುಖವನ್ನೂ ನೋಡಿರಲಿಲ್ಲ, ಅವರು ಮಾತ್ರ ನಿಮ್ಮ ಮನೆಯ ಬಗ್ಗೆ ಯೋಚಿಸಿದರು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕಾಗದ ಕೇಳಿ ತೆಗೆದುಕೊಂಡು ಬರೆದೆ. ನೀವು ನನಗೆ ಏನಾಗಬೇಕು ಎನ್ನುವುದನ್ನೂ ಬರೆದೆ. ಇಷ್ಟು ತಿಂಗಳು ಅನುಮಾನವಿದ್ದೂ ಬಾಯಿ ಮುಚ್ಚಿಕೊಂಡು ದೀಪ ಹಾಕಿದ್ದೇನೆ ಎಂದೂ ಬರೆದೆ. ಹೇಳಿಕೆಯ ಪ್ರತಿ ನೋಡಿ ಮಾಲೀಕರು ನಾಳೆಯಿಂದ ಬರಬೇಡ ಎಂದರು.

ಅಕ್ಕನಿಗೆ ಎಲ್ಲ ಹೇಳಿದೆ. "ಉಂಡ ಮನೆಯ ಜಂತೆ ಎಣಿಸ್ತೀಯಲ್ಲೇ, ಅವ್ರ ಕೆಲ್ಸ ಹೋದ್ರೆ ನಮ್ಗ್ಯಾರು ದಿಕ್ಕು?" ಎಂದು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ, "ನಂಗೂ ಅನುಮಾನ ಇತ್ತು ಕಣೇ" ಎಂದಳು. ಅವಳು ಈ ಮಾತನ್ನು ನಿಮಗೆ ಹೇಳುವುದಿಲ್ಲ. ಹೇಳಬೇಕಾದವಳು ಅವಳೇ, ಆದರೂ ನಾನೇ ಹೇಳಿದ್ದೇನೆ. ಬೈದರೆ ನನ್ನನ್ನು ಬೈಯಿರಿ.

ಸೋಮವಾರ ಹತ್ತು ಗಂಟೆಗೆ ನಿಮ್ಮ ಮೇಲಧಿಕಾರಿಗಳು ನನ್ನನ್ನು ಕರೆದಿದ್ದಾರೆ. ನೀವು ಒಂಬತ್ತಕ್ಕೇ ಹೋಗಿ ನಿಮ್ಮ ಬಾಯಿಂದಲೇ ಹೇಳಿಬಿಡಿ ಭಾವ. ಆಗ ನಾನು ಒಳಗೆ ಹೋಗಿ "ಅವ್ರು ಹೇಳಿದ್ದು ನಿಜ" ಎಂದಷ್ಟೇ ಹೇಳಿ ಬರಬಹುದು. ನಿಮ್ಮ ಬಗ್ಗೆ ಆ ಒಂದು ಮಾತು ಹೇಳಲು ನನಗೆ ತುಂಬಾ ಆಸೆಯಿದೆ.

ನಿಮಗೆ ಧೈರ್ಯ ಬರಲಿ, ಅಕ್ಕನ ಮನೆ ಉಳಿಯಲಿ.

ನೀವು ಬೇಡವೆಂದರೂ ನಿಮ್ಮ ನಾದಿನಿಯೇ ಆಗಿರುವವಳು.