ಪರದೆಯ ಮೇಲೆ ಮನೆ ನಂಬರ್ 214

ಜುಲೈ 21, ಸೋಮವಾರ. ಬೆಳಿಗ್ಗೆ 7.30

ಚಹಾ ಆಯಿತು. ಎರಡು ಕನ್ನಡ ಪತ್ರಿಕೆ, ಒಂದು ಮರಾಠಿ. ಮೂರೂ ಪರದೆಯ ಮೇಲೆ ಓದಿದ್ದಾಯಿತು. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಹಾಲು ಉಕ್ಕಿತು. ಈ ಮಾನಿಟರ್ ಮಾಡಿದವರ ಮನೆಯಲ್ಲಿ ವಯಸ್ಸಾದವರು ಯಾರೂ ಇಲ್ಲವೇ? ಪ್ರತಿ ಸುದ್ದಿಯ ಮಧ್ಯೆ ಸೋಫಾ ಮಾರುವವರು ಬೇರೆ.

ಆದರೂ ಬೈಯಲು ಮನಸ್ಸು ಬರುವುದಿಲ್ಲ. ಹದಿನಾಲ್ಕು ತಿಂಗಳು ಒಂದು ಸಾಲೂ ಓದಿರಲಿಲ್ಲ. ಎರಡೂ ಕಣ್ಣಿಗೆ ನೋಟದ ನಟ್ಟನಡುವೆ ಕಪ್ಪು ಮಚ್ಚೆ. ಇನ್ನು ಇದು ಹೀಗೇ ಎಂದರು ಡಾಕ್ಟರು. ಮೂವತ್ತೊಂದು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಇದ್ದವಳಿಗೆ! ಈಗ ಗೋಡೆಯ ಮೇಲೆ ಮೂವತ್ತೆರಡು ಇಂಚಿನ ಮಾನಿಟರ್. ಕಂಪ್ಯೂಟರ್ ಬೇಕಿಲ್ಲ, ತಾನೇ ಇಂಟರ್ನೆಟ್ಟಿಗೆ ಹೋಗುತ್ತದೆ. ದೊಡ್ಡದು ಮಾಡಿದರೆ ಒಂದೊಂದು ಅಕ್ಷರ ಬಾಳೆಹಣ್ಣಿನಷ್ಟು. ಮಚ್ಚೆಯ ಪಕ್ಕದಿಂದ ಇಣುಕಿ ಓದುತ್ತೇನೆ. ಈ ಡೈರಿ ಮಾತ್ರ ದಪ್ಪ ಪೆನ್ನಿನಲ್ಲಿ, ಕೈಯ ಅಂದಾಜಿನ ಮೇಲೆ.

ತಂದವಳು ಸಪ್ನಾ, ಅಣ್ಣನ ಮಗಳು. ನನ್ನ ಜೊತೆ ಇದ್ದುಕೊಂಡು ಖರಾಡಿಯ ಆಫೀಸಿಗೆ ಹೋಗುತ್ತಾಳೆ. ನೀರು ಪೂರೈಕೆಯ ಸುದ್ದಿ ಓದಿ ನಾನು ಕೂಗಾಡುವಾಗ ಹೇಳಿದಳು: “ನಿಂದು ಬೈಯೂದು ಚಾಲೂ ಆತಂದ್ರ ರೊಕ್ಕ ವಸೂಲ್ ಆತು ಅತ್ಯಾ.”

ಜುಲೈ 29, ಮಂಗಳವಾರ. ಮಧ್ಯಾಹ್ನ

ಯೆರವಡಾದ ಗುಡಿಸಲು ವಸ್ತಿಯ ಯಾದಿ ಸರ್ಕಾರದ ವೆಬ್‌ಸೈಟಿಗೆ ಬಂದಿದೆ. ಗುಡಿಸಲು ಕೆಡವಿ ದೊಡ್ಡ ಕಟ್ಟಡ ಕಟ್ಟುತ್ತಾರೆ. ಯಾದಿಯಲ್ಲಿದ್ದವರಿಗೆ ಅದರಲ್ಲಿ ಒಂದು ಮನೆ. ಇಲ್ಲದವರಿಗೆ ಏನೂ ಇಲ್ಲ. ಅಲ್ಲೇ ಇರುವ ಮಾನಮ್ಮ ಬೆಳಿಗ್ಗೆ ಪಾತ್ರೆ ತೊಳೆಯುತ್ತ, “ನಮ್ದು ಬಂದದೇನು ನೋಡ್ರಿ ಅಕ್ಕಾರ” ಎಂದಿದ್ದಳು. ಯಾದಗಿರಿ ಕಡೆಯವಳು. ಒಂಬತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಾಳೆ. ಓದು ಬರುವುದಿಲ್ಲ. ಗಂಡ ಶಂಕ್ರೆಪ್ಪನದು ಗೌಂಡಿ ಕೆಲಸ.

ನಾನೂರ ಹನ್ನೆರಡು ಮನೆ. ಒಂದು ಗಂಟೆ ಹಿಡಿಯಿತು. ಮಾನಮ್ಮನದು ನಂಬರ್ 214. ಹೆಸರಿನ ಜಾಗ ಖಾಲಿ. ಮುಂದೆ: ‘ಬೀಗ. ಅಪಾತ್ರ.’ ಅಂದರೆ ಮನೆಗೆ ಅರ್ಹರಲ್ಲ. ಸರ್ವೆ ದಿನಾಂಕ ಜುಲೈ 5.

ಜುಲೈ 5ಕ್ಕೆ ಅವರು ಊರಿನಲ್ಲಿದ್ದರು, ಮೊಹರಂಗೆ.

ಇದನ್ನು ಬರೆಯಲೇಬೇಕು. ಜೂನ್‌ನಲ್ಲಿ ಕೇಳಿದ್ದಳು: “ಸರ್ವೆದವ್ರು ಬರ್ತಾರಂತ. ಊರಿಗೆ ಹೋಗ್ಲ್ಯೋ ಬ್ಯಾಡೋ?” ಬೀಗ ಇದ್ದ ಮನೆಗೆ ಮೂರು ಸಲ ಬರಲೇಬೇಕು, ಧೈರ್ಯವಾಗಿ ಹೋಗು ಎಂದೆ. 1998ರಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಗೆ ಸರ್ವೆಯವರು ಮೂರು ಸಲ ಬಂದಿದ್ದರು. ನಾನೇ ಎಣಿಸಿದ್ದೆ. ಈ ಸಲ ನಿಯಮ ಬೇರೆ ಆಗಿದೆಯೋ ಏನೋ ಎಂದು ನೋಡಲಿಲ್ಲ. ಇಪ್ಪತ್ತೇಳು ವರ್ಷದ ಹಿಂದಿನ ನೆನಪನ್ನು ಕಾನೂನಿನಂತೆ ಹೇಳಿಬಿಟ್ಟೆ.

ಒಂದೇ ಸಲ ಬಂದಿದ್ದಾರೆ.

ಜುಲೈ 30

ಯಾದಿಯ ವಿಷಯ ಹೇಳಿದೆ. ನನ್ನ ತಪ್ಪಿನ ವಿಷಯ ಹೇಳಲಾಗಲಿಲ್ಲ.

ಮಾನಮ್ಮ ಕೈ ಒರೆಸಿಕೊಂಡು ಪರದೆಯ ಹತ್ತಿರ ಹೋದಳು. “ಇದ್ರಾಗ ನಮ್ದು ಯಾವ್ದು?” ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು ನಿಂತಳು. “ಹನ್ನೆರಡು ವರ್ಷ ಆತು ಅಲ್ಲಿ. ಲೈಟ್ ಬಿಲ್ ಅದ, ರೇಷನ್ ಕಾರ್ಡ್ ಅದ. ಬೀಗ ಅಂದ್ರ ಮನುಷ್ಯಾರಿಲ್ಲ ಅಂತೇನ್ರಿ?”

ಆಕ್ಷೇಪಣೆಗೆ ಆಗಸ್ಟ್ 14 ಕೊನೆ. ಊರಿಗೆ ಹೋಗಿದ್ದಕ್ಕೆ ಕಾರಣ, ಅದಕ್ಕೆ ಸಾಕ್ಷಿ ಬೇಕು. ಅದನ್ನು ಕೆಳಗೆ ಇರುವೆಯಂಥ ಅಕ್ಷರದಲ್ಲಿ ಹಾಕಿದ್ದಾರೆ. ನನ್ನ ಕಣ್ಣಿಂದ ಬಚ್ಚಿಡಲು ಅವರಿಗೆ ಆಗಲಿಲ್ಲ. ಎಲ್ಲರಿಗಿಂತ ದೊಡ್ಡದಾಗಿ ಓದುವವಳು ಈಗ ನಾನು.

ಆಗಸ್ಟ್ 4, ಸೋಮವಾರ. ಸಂಜೆ

ಮಾನಮ್ಮನ ಜೊತೆ ಕಚೇರಿಗೆ ಹೋಗಿಬಂದೆ. ಕಾಗದ ನೋಡಿದ ಕಾರಕೂನ ಮರಾಠಿಯಲ್ಲಿ ಕೇಳಿದ: ರೇಷನ್ ಕಾರ್ಡಿನಲ್ಲಿ ಹಿಂದೂ ಅಂತ ಇದೆ, ಮೊಹರಂಗೆ ಊರಿಗೆ ಹೋದೆ ಅಂತೀರಿ, ಬೇರೆ ನೆಪ ಸಿಗಲಿಲ್ಲವೇ?

ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ದೇವ್ರಿಗೆ ಹೋಗೂದಕ್ಕ ಇಂವ ಏನ್ ಕೇಳ್ತಾನ್ರಿ?”

ನನ್ನ ದನಿ ಜೋರಾಗಿಯೇ ಇತ್ತು. ಹಿಂದೂಗಳೂ ಸೇರಿ ಊರಿನ ಅರ್ಧ ಜನ ಹರಕೆಗೆ ಫಕೀರರಾಗಿ ಕೊರಳಿಗೆ ಕೆಂಪು ದಾರ ಹಾಕಿಕೊಳ್ಳುವುದು, ಆಲಾಯಿ ಎನ್ನುವ ಬೆಂಕಿ ಕುಣಿಯ ಸುತ್ತ ಹೆಜ್ಜೆ ಹಾಕುವುದು, ದೇವರ ಮುಂದೆ ಸಕ್ಕರೆ ಓದಿಸುವುದು, ಎಲ್ಲ ಹೇಳಿದೆ. ಕಾರಕೂನ ಕುಡಗೋಲಿನಂತೆ ಬಾಗಿ ಮತ್ತೊಬ್ಬರ ಫೈಲು ಎಳೆದುಕೊಂಡ. “ಸಾಕ್ಷಿ ತನ್ನಿ, ಅಮ್ಮಾ.”

ಬಸ್ ಟಿಕೆಟ್ ಇಲ್ಲ. ಟೆಂಪೋದಲ್ಲಿ ಹೋಗಿದ್ದರು, ಇಪ್ಪತ್ತು ಜನ.

ಆಗಸ್ಟ್ 6

ಮಾನಿಟರಿನಲ್ಲೇ ಫಾರ್ಮ್ ತುಂಬಿದೆ. ನಲವತ್ತು ನಿಮಿಷ. ಕೊನೆಗೆ ಕಾಗದ ಸೇರಿಸಿ ಎಂದಿತು. ಆ ಕೆಲಸ ಇದಕ್ಕೆ ಬರುವುದಿಲ್ಲ. ಎಲ್ಲ ಅಳಿಸಿಹೋಯಿತು. ಸಪ್ನಾ ತನ್ನ ಲ್ಯಾಪ್‌ಟಾಪಿನಲ್ಲಿ ಐದು ನಿಮಿಷಕ್ಕೆ ಮುಗಿಸಿದಳು. ಲೈಟ್ ಬಿಲ್ಲು, ರೇಷನ್ ಕಾರ್ಡು ಫಾರ್ಮಿನ ಜೊತೆಗೇ ಹೋದವು. ವಿಚಾರಣೆ 14ಕ್ಕೆ. ಊರಿನಲ್ಲಿದ್ದರು ಎನ್ನುವುದಕ್ಕೆ ಮಾತ್ರ ಏನೂ ಇಲ್ಲ.

ಆಗಸ್ಟ್ 10, ಭಾನುವಾರ. ಬೆಳಿಗ್ಗೆ 11

ಮೂರು ದಿನ ಏನೂ ಬರೆಯಲಿಲ್ಲ. ನಿಯಮಗಳನ್ನೇ ಓದುತ್ತಿದ್ದೆ.

ಇವತ್ತು ಮಾನಮ್ಮ ಕೆಲಸ ಮುಗಿಸಿ ಸೆರಗು ತಿರುವುತ್ತ ನಿಂತಳು. “ಅಕ್ಕಾರ, ನಮ್ಮೂರ ಆಲಾಯಿದು ವಿಡಿಯೋ ಯಾರೋ ಯೂಟ್ಯೂಬಿಗೆ ಬಿಟ್ಟಾರಂತ. ದೊಡ್ಡದ್ರಾಗ ನೋಡಬೇಕಂತ ಆಸೆ.” ನನಗೆ ರೇಗಿತು. ಮನೆ ಹೋಗುತ್ತಿದೆ, ಇವಳಿಗೆ ವಿಡಿಯೋ. ಆದರೂ ರಿಮೋಟಿನ ಮೈಕ್ ಒತ್ತಿ ಕೊಟ್ಟೆ. ಊರಿನ ಹೆಸರು ಅವಳೇ ಹೇಳಿದಳು. ಅವಳ ಮಾತು ಒಂದೇ ಸಲಕ್ಕೆ ತಿಳಿಯಿತು ಅದಕ್ಕೆ.

ಹಲಗೆ ಬಾರಿಸುವ ಶಬ್ದ. ಬೆಂಕಿ. ಸುತ್ತ ಕುಣಿಯುವ ಗಂಡಸರು. ನನಗೆ ಬಣ್ಣಗಳಷ್ಟೇ ಕಂಡವು. ಮಾನಮ್ಮ ನೆಲದ ಮೇಲೆ ಕುಳಿತು ಎಲ್ಲರ ಹೆಸರು ಹೇಳುತ್ತಿದ್ದಳು. “ಅಗಾ, ಲಾಲಪ್ಪ ನೋಡ್ರಿ, ಕುಡುದಾನ. ಅಂವ ನಮ್ಮಂವ, ಶಂಕ್ರೆಪ್ಪ. ಹೆಜ್ಜಿ ತಪ್ಪ್ಯಾನ. ಅಗಾ, ನಾ ನಿಂತೀನಿ, ಸಕ್ರಿ ತಾಟು ಹಿಡ್ಕೊಂಡು.”

ಸಪ್ನಾ ಅಡುಗೆಮನೆಯಿಂದ ಓಡಿಬಂದು ವಿಡಿಯೋ ನಿಲ್ಲಿಸಿದಳು. ಕೆಳಗೆ ಹಾಕಿದ ದಿನ ನೋಡಿ ಗಟ್ಟಿಯಾಗಿ ಓದಿದಳು. ಜುಲೈ 5, 2025.

ನಾನು ಎದ್ದು ಪರದೆಯ ಹತ್ತಿರ ಹೋದೆ. ಮುಖ ಕಾಣಲಿಲ್ಲ. ಪಕ್ಕಕ್ಕೆ ಸರಿದೆ. ಆಗ ಕಂಡಿತು; ನನ್ನ ಅಂಗೈಯಗಲ, ಕೊರಳಲ್ಲಿ ಕೆಂಪು ದಾರ, ಮಾನಮ್ಮನ ಮುಖ. ಒಂಬತ್ತು ವರ್ಷದಿಂದ ಮನೆಯಲ್ಲಿ ಓಡಾಡುವವಳು. ಕಣ್ಣು ಹೋದ ಮೇಲೆ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ.

ಆಗ ಹೇಳಿಬಿಟ್ಟೆ. ಹೋಗು ಎಂದವಳು ನಾನು, ಮೂರು ಸಲ ಬರುತ್ತಾರೆ ಎಂದವಳು ನಾನು.

ಮಾನಮ್ಮ ನಕ್ಕಳು. “ನೀವು ಬ್ಯಾಡ ಅಂದಿದ್ರೂ ಹೋಗ್ತಿದ್ದೆ ಅಕ್ಕಾರ. ನಮ್ಮಂವ ಮೂರನೇ ಮಾಳಿಗಿಯಿಂದ ಬಿದ್ದು ಬದುಕ್ಯಾನ. ಐದು ವರ್ಷ ಫಕೀರ ಆಗ್ತೀವಿ ಅಂತ ಹರಕಿ ಹೊತ್ತೀವಿ. ನಿಮ್ಮ ಮಾತು ಕೇಳಿ ದೇವ್ರಿಗೆ ಬೆನ್ನು ತೋರ್ಸತಿದ್ನೇನು?” ನೆಲದಿಂದ ಏಳುತ್ತ, “ಸುಮ್ನ ಕೇಳಿದ್ದೆ. ನಿಮಗೂ ಒಂದು ಮಾತು ಕೇಳಬೇಕಲ್ಲ.”

ಸಪ್ನಾ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಇದಕ್ಕಾಗಿ ನಾನು ಕಳೆದುಕೊಂಡ ಹನ್ನೆರಡು ದಿನದ ನಿದ್ದೆ…

ಆಗಸ್ಟ್ 14, ಗುರುವಾರ

ಸಪ್ನಾ ರಜೆ ಹಾಕಿ ಲ್ಯಾಪ್‌ಟಾಪ್ ಹೊತ್ತು ಕಚೇರಿಗೆ ಬಂದಳು. ಅದೇ ಕಾರಕೂನ. ಆದರೆ ವಿಚಾರಣೆಗೆ ಕುಳಿತವರು ಒಬ್ಬ ಹೆಂಗಸು, ಐವತ್ತರ ಮೇಲಿನವರು. ವಿಡಿಯೋ ಪೂರ್ತಿ ನೋಡಿದರು. ಮಾನಮ್ಮನನ್ನು ನೋಡಿದರು, ಪರದೆ ನೋಡಿದರು, ಮತ್ತೆ ಮೊದಲಿನಿಂದ ಹಾಕಿಸಿದರು. ನಾನು ಮೂರು ಪುಟದ ವಾದ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಬೇಸರವೇ ಆಯಿತು, ಸುಳ್ಳು ಏಕೆ ಹೇಳಲಿ.

ಗಣಪತಿ ಮುಗಿದ ಮೇಲೆ ಮರುಸರ್ವೆ. ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಮನೆಗೆ ಬಂದು ಪರದೆಯ ಮೇಲೆ ಹಾಕಿಸಿ ಓದಿದೆ. ಮೂರು ಸಲ.

ಸೆಪ್ಟೆಂಬರ್ 9, ಮಂಗಳವಾರ. 11.20. ಮಾನಮ್ಮನ ಮನೆ

ಎಂಟಕ್ಕೇ ಬಂದು ಕುಳಿತಿದ್ದೇನೆ. ಸರ್ವೆಯವರನ್ನು ನಂಬುವವಳಲ್ಲ ನಾನು. ಮಾನಮ್ಮ ಎರಡು ಸಲ ಚಹಾ ಕೊಟ್ಟಳು. ಶಂಕ್ರೆಪ್ಪ ಕೆಲಸಕ್ಕೆ ಹೋಗದೆ ಹೊಸ್ತಿಲಲ್ಲೇ ನಿಂತಿದ್ದಾನೆ. “ಇವತ್ತು ನಾನೇ ಬೀಗ” ಎನ್ನುತ್ತಾನೆ.

ಬಂದರು. ಇಬ್ಬರು. ಕೋಣೆ ಅಳೆದರು, ಫೋಟೋ ತೆಗೆದರು. ಹೆಸರು ಕೇಳಿದರು. ಮಾನಮ್ಮ ತನ್ನ ಹೆಸರು ಮೊದಲು ಹೇಳಿದಳು, ಆಮೇಲೆ ಗಂಡನದು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದರು. ವಾಸನೆ ಇಲ್ಲಿಯವರೆಗೆ ಬರುತ್ತಿದೆ. ‘ಪಾತ್ರ’ ಎಂದು ಬರೆದಿದ್ದೇವೆ, ನೆರೆಯವರ ಸಾಕ್ಷಿ ಸಹಿ ಬೇಕು ಎಂದರು. ನಾನು ನೆರೆಯವಳಲ್ಲ ಎಂದೆ. “ಇವ್ರೇ ಮಾಡ್ತಾರ” ಎಂದಳು ಮಾನಮ್ಮ, ಯಾರನ್ನೂ ಕೇಳದೆ. ಅವರು ತಕರಾರು ಮಾಡಲಿಲ್ಲ.

ಫಾರ್ಮಿನಲ್ಲಿ ಸಹಿಯ ಗೆರೆ ನನಗೆ ಕಾಣುವುದಿಲ್ಲ. ಎಲ್ಲಿ ಎಂದು ಅವಳು ಅವರನ್ನು ಕೇಳಿ ತಿಳಿದುಕೊಂಡಿದ್ದಾಳೆ. ಗೆರೆಯ ಮೇಲೆ ಬೆರಳಿಟ್ಟು ಕರೆಯುತ್ತಿದ್ದಾಳೆ, “ಇಲ್ಲಿ ಅಕ್ಕಾರ, ನನ್ನ ಬಳ್ಳಿನ ಬಾಜೂಕ—”

ಸಹಿಗೂ ಪೆನ್ನು ನಾನು ಬರೆಯುತ್ತಿರುವ ಇದೊಂದೇ ಇದೆ, ಹಾಗಾಗಿ