ಬಾಗಿಲ ಕಡೆಯ ಗುಂಡಿ

ಗಾಬ್ರೊವೊ
ಮಾರ್ಚ್ 4, ಬೆಳಿಗ್ಗೆ

ಕ್ರಸ್ತ್ಯೊ ಅವರಿಗೆ,

"ಅವರಿಗೆ" ಎಂದದ್ದಕ್ಕೆ ನಗಬೇಡ. ಸಸಿ ತಟ್ಟೆ ಒತ್ತುವ ಒಂದೇ ಯಂತ್ರದಲ್ಲಿ ರಾತ್ರಿ ನೀನು, ಹಗಲು ನಾನು. ಗೇಟಿನಲ್ಲಿ ಎದುರಾದರೂ ಮುಖ ತಿರುಗಿಸುವ ಗಂಡ ಹೆಂಡಿರಿಗೆ ಇಷ್ಟು ಮರ್ಯಾದೆ ಸಾಕು.

ನೇರವಾಗಿ ಕೇಳುತ್ತೇನೆ, ನನ್ನನ್ನು ಈ ಯಂತ್ರದಿಂದ ಎಬ್ಬಿಸಬೇಕೆಂದಿದ್ದೀಯಾ? ದಿನಾ ನಾನು ಬರುವಷ್ಟರಲ್ಲಿ ಬಾಗಿಲ ಕಡೆಯ ಹೀಟರಿನ ಗುಂಡಿ ಮೇಲಕ್ಕೆ ತಿರುಗಿರುತ್ತದೆ. ಉಳಿದ ಹೀಟರುಗಳ ಗುಂಡಿಗಳೆಲ್ಲ ಇದ್ದಲ್ಲೇ. ಬೈದುಕೊಂಡು ಅದನ್ನೂ ಅವುಗಳ ಸಮಕ್ಕೆ ಇಳಿಸುತ್ತೇನೆ. ಪ್ಲಾಸ್ಟಿಕ್ ಹಾಳೆ ಕಾದು ಹೊಟ್ಟೆ ಇಳಿಬಿಟ್ಟ ಮೇಲೆ ಅಚ್ಚು ಏರಿಸಿ, ಅಡಿಯಿಂದ ಗಾಳಿ ಎಳೆಸಿ ಹಾಳೆಯನ್ನು ಅಚ್ಚಿಗೆ ಅಂಟಿಸುತ್ತೇನೆ. ಆದರೂ ಸಸಿ ತಟ್ಟೆಯಲ್ಲಿ ಆ ಕಡೆಯ ಗುಳಿಗಳು ಮಾತ್ರ ಅರ್ಧಂಬರ್ಧ. ಇನ್ನೇನೇನು ತಿರುಚಿದ್ದೀಯೋ!

ಮೊನ್ನೆ ಮೇಸ್ತ್ರಿ ದಿಮೊ ಎಲ್ಲರೆದುರು ತಟ್ಟೆ ಎತ್ತಿ ಹಿಡಿದ. "ನೆವೆನಾ, ಇದ್ರಲ್ಲಿ ಮೆಣಸಿನ ಸಸಿ ನೆಡೋದಾ, ಸೂಪ್ ಕುಡಿಯೋದಾ? ಇನ್ನೊಂದ್ಸಲ ಹೀಗಾದ್ರೆ ಪ್ಯಾಕಿಂಗ್ ಮೇಜಿಗೆ ನಡಿ" ಅಂದ. ನಿನ್ನ ಗಾಲ್ಕಾ ಕೂರುವ ಮೇಜಿಗೆ! ನೀನು ಅವಳಿಗೆ ತಿನ್ನಲು ಚೀಸ್ ತುಂಬಿದ ಬಾನಿತ್ಸಾ ಯಾಕೆ ಕೊಂಡು ಕೊಟ್ಟೆ ಎಂದು ಕೇಳಿದ್ದಕ್ಕೆ ತಾನೇ ನೀನು ಬಾಯಿ ಬಿಡದೆ ತಂಗಿಯ ಮನೆ ಸೇರಿದ್ದು? ಆಮೇಲೆ ಹಾಸಿಗೆ ಬಿಟ್ಟು ಏಳಲು ನನಗಿರುವ ಆಸೆ ಈ ಯಂತ್ರವೊಂದೇ. ಅದನ್ನೂ ಕಿತ್ತುಕೊಳ್ಳುತ್ತೀಯಾ?

ನಿನಗೇನು, ರಾತ್ರಿ ಬಾಗಿಲು ಮುಚ್ಚಿ ಬೆಚ್ಚಗಿರುತ್ತೀಯ. ಹಗಲಲ್ಲಿ ಲಾರಿಗೆ ಹೇರುವ ಮಿಂಚೊ ಮಾವ ಅದನ್ನು ಹಾರುಹೊಡೆದಿರುತ್ತಾನೆ. ಬೆಟ್ಟದ ಗಾಳಿಗೆ ನನ್ನ ಬೆನ್ನು ಸೆಟೆದುಹೋಗುತ್ತದೆ. ಮುಚ್ಚು ಮಾವ ಎಂದರೆ, "ಮುಚ್ಚಿದ್ರೆ ಲಾರಿ ಕಿಟಕೀಲಿ ಬರುತ್ತೇನಮ್ಮ?" ಅನ್ನುತ್ತಾನೆ.

ಇನ್ನು ಆ ದಾರ. ಮಾರ್ಚ್ ಒಂದರಂದು ಬೇಕಾದವರ ಕೈಗೆ ಕಟ್ಟುವ ಕೆಂಪು ಬಿಳಿ ದಾರವನ್ನು ಯಾರಾದರೂ ಗುಂಡಿಗೆ ಕಟ್ಟುತ್ತಾರೆಯೇ? ಗಾಲ್ಕಾ ನಿನಗೆ ಕೊಟ್ಟಿರಬೇಕು. ನನ್ನ ಹೊಟ್ಟೆ ಉರಿಯಲಿ ಎಂದು ನೀನು ಅಲ್ಲಿ ಕಟ್ಟಿರಬೇಕು. ಉರಿಯಿತು, ಸಂತೋಷವಾಯಿತೇ?

ಇವತ್ತು ಗುಂಡಿ ಮುಟ್ಟುವುದಿಲ್ಲ. ನೀನಿಟ್ಟ ಬಿಸಿಯಲ್ಲೇ ಹಾಳೆ ಸುಡಲಿ. ದಿಮೊನನ್ನು ಕರೆದು ನಿನ್ನ ಕೈಚಳಕ ತೋರಿಸುತ್ತೇನೆ. ಸಂಜೆ ಈ ಪತ್ರ ನಿನ್ನ ಕೈಗವಸಿನಲ್ಲಿರುತ್ತದೆ.

ಕಾಗದದ ಮೇಲಷ್ಟೇ ನಿನ್ನ ಹೆಂಡತಿ,
ನೆವೆನಾ

ಸಂಜೆ ಸೇರಿಸಿದ್ದು: ಪಾಳಿ ಮುಗಿಯಿತು. ಲಾರಿ ಬಂದಿತ್ತು, ಬಾಗಿಲು ತೆರೆದೇ ಇತ್ತು. ನಾನು ಗುಂಡಿ ಮುಟ್ಟಲಿಲ್ಲ. ಹಾಳೆ ಸುಡಲಿಲ್ಲ. ಬಾಗಿಲ ಕಡೆಯ ಗುಳಿಗಳೂ ಉಳಿದವುಗಳಷ್ಟೇ ಚೆನ್ನಾಗಿ ಮೂಡಿದವು. ದಿಮೊ ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದನ್ನ ತೋರಿಸೋಕೇ ಕರೆದ್ಯಾ?" ಅಂದ. ಹೂಂ ಅಂದೆ. ಬೆನ್ನಿಗೆ ಚಳಿ ಹೊಡೆದದ್ದು ನನಗೆ ಗೊತ್ತಾಯಿತು, ಹಾಳೆಗೂ ಹೊಡೆಯುತ್ತದೆ ಎಂದು ಹೊಳೆಯಲಿಲ್ಲ. ನಿನಗೆ ಹೊಳೆದಿತ್ತು. ಬಾಯಿ ಬಿಟ್ಟು ಹೇಳಲು ಏನಾಗಿತ್ತು, ಮೂಗ! ನಾಚಿಕೆಯಾಗುತ್ತಿದೆ ನನಗೆ. ದಾರ ಬಿಚ್ಚಿ ನನ್ನ ಕೈಗೆ ಕಟ್ಟಿಕೊಂಡಿದ್ದೇನೆ. ಹೋಗುವಾಗ ಗುಂಡಿಯನ್ನು ದಿನಾ ಹಾಗೇ ಏರಿಸಿಡು. ಗಾಲ್ಕಾಳ ಬಾನಿತ್ಸಾ ವಿಷಯ ನಾನಿನ್ನೂ ಬಿಟ್ಟಿಲ್ಲ. ಭಾನುವಾರ ಊಟಕ್ಕೆ ಬಂದು ಉತ್ತರ ಹೇಳು.