ಸೊನ್ನೆಗೊಂದು ಕಾರಣ

ಫೆಬ್ರವರಿ 3, ಸೋಮವಾರ

ಮೂರನೇ ಪೀರಿಯಡ್ ಮುಗಿಸಿ ಲ್ಯಾಬಿನ ಫ್ಯಾನ್ ಆಫ್ ಮಾಡುತ್ತಿದ್ದೆ. ಅಟೆಂಡರ್ ಅಣ್ಣ ಬಂದರು. ಹೆಡ್‌ಮಾಸ್ಟರರ ಸನ್ನಿಧಾನಕ್ಕೆ ಕೂಡಲೇ ಬರತಕ್ಕದ್ದು ಎಂದು ಅಪ್ಪಣೆ. ಯಾವ ಅಪರಾಧಕ್ಕಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸ್ಟಾಫ್ ರೂಮಿನ ನಿಂತ ಗಡಿಯಾರದ ಕೆಳಗೆ ‘ದೀರ್ಘಕಾಲದ ಅಸ್ವಸ್ಥತೆಯ ನಂತರ ಮಧ್ಯಾಹ್ನ ಹನ್ನೆರಡೂಕಾಲಿಗೆ ವಿಧಿವಶ — ದುಃಖತಪ್ತ ಸಿಬ್ಬಂದಿ’ ಎಂದು ಅಂಟಿಸಿದ್ದು ನಾನೇ. ಆದರೆ ಅದಲ್ಲ.

ಹತ್ತನೇ ತರಗತಿಯ ಕಂಪ್ಯೂಟರ್ ಸೈನ್ಸ್ ವಾರ್ಷಿಕ ಪರೀಕ್ಷೆಗೆ ಪೇಪರ್ ನಾನು ತೆಗೆಯಬೇಕಂತೆ. ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಮಂಗನ ಕೈಯಲ್ಲಿ ಮಾಣಿಕ್ಯ.

“ಹೋದ ವರ್ಷ ಮುಕ್ಕಾಲು ಕ್ಲಾಸು ಫೇಲು,” ಎಂದರು ಹೆಡ್‌ಮಾಸ್ಟರ್. “ಈ ಸಲ ಅರ್ಧ ಜನ ಆದ್ರೂ ಪಾಸಾಗ್ಲಿಲ್ಲ ಅಂದ್ರೆ ಆಡಳಿತ ಮಂಡಳಿಯವರು ಈ ವಿಷಯಾನೇ ತೆಗೆದುಬಿಡ್ತಾರಮ್ಮ. ಲ್ಯಾಬಲ್ಲಿ ಮುರಿದ ಬೆಂಚು ಇಡ್ತಾರಂತೆ.”

“ನನ್ನನ್ನ ಎಲ್ಲಿ ಇಡ್ತಾರೆ ಸರ್?”

ನಗಲಿಲ್ಲ. ಅಂದರೆ ಎಲ್ಲೂ ಇಡುವುದಿಲ್ಲ.

ಪರಿಹಾರ ಸುಲಭ. ‘ಕಂಪ್ಯೂಟರ್ ಎಂಬುದು ಒಂದು ಯಂತ್ರ: ಸರಿ / ಬಹಳ ಸರಿ.’ ಇಂಥ ಮೂವತ್ತು ಪ್ರಶ್ನೆ ಕೊಟ್ಟರೆ ಇಡೀ ಕ್ಲಾಸು ಪಾಸು, ಲ್ಯಾಬಿಗೆ ದೀರ್ಘಾಯುಷ್ಯ. ಆದರೆ ಪೇಪರ್ ಅಚ್ಚಿಗೆ ಹೋಗುವ ಮುಂಚೆ ಗಣಿತದ ಮೇಡಂ ಕೈ ದಾಟಬೇಕು. ಪರೀಕ್ಷಾ ಸಮಿತಿಗೆ ಅವರೇ ಹಿರಿಯರು. ಮಕ್ಕಳು ಇಟ್ಟ ಹೆಸರು ತಕ್ಕಡಿ ಮೇಡಂ. ಗುಲಗಂಜಿ ತೂಕ ಹೆಚ್ಚುಕಡಿಮೆಯಾದರೂ ಹಿಡಿಯುತ್ತಾರೆ.

ಫೆಬ್ರವರಿ 4, ಮಂಗಳವಾರ

ತಕ್ಕಡಿ ಮೇಡಂ ಒಂದು ನೀಲನಕ್ಷೆ ಕೊಟ್ಟರು. ಯಾವ ಪಾಠಕ್ಕೆ ಎಷ್ಟು ಅಂಕ, ಸುಲಭ ಎಷ್ಟು, ಮಧ್ಯಮ ಎಷ್ಟು, ಕಠಿಣ ಎಷ್ಟು. ನೆನಪಿಗೆ ಇಷ್ಟು, ಅರ್ಥ ಮಾಡಿಕೊಂಡಿದ್ದಕ್ಕೆ ಇಷ್ಟು, ಬಳಸಿ ತೋರಿಸಿದ್ದಕ್ಕೆ ಇಷ್ಟು. ಎಲ್ಲಾ ಮನೆಗಳನ್ನೂ ಅಡ್ಡ ಕೂಡಿದರೂ ಉದ್ದ ಕೂಡಿದರೂ ನೂರೇ ಬರಬೇಕು.

“ಉಪ್ಪು ಎಷ್ಟು ಮೇಡಂ?”

“ರುಚಿಗೆ ತಕ್ಕಷ್ಟು. ರುಚಿ ನಂದು.”

ಎಲಾ. ಇವರಿಗೂ ತಮಾಷೆ ಬರುತ್ತದೆ.

ಆಮೇಲೆ ಪದ್ಧತಿ ಹೇಳಿದರು. ಪೇಪರ್ ತೆಗೆದವರು ಅದನ್ನು ತಾವೇ ಕೂತು ಬರೆಯಬೇಕು. ಪುಸ್ತಕವಿಲ್ಲ, ಫೋನಿಲ್ಲ. ಮಕ್ಕಳಿಗೆ ಕೊಡುವ ಸಮಯದ ಮೂರನೇ ಒಂದು ಭಾಗದಲ್ಲಿ ಮುಗಿಸಬೇಕು. ಎದುರಿಗೆ ಅವರೂ ಕೂತು ಅದೇ ಪೇಪರ್ ಬರೆಯುತ್ತಾರೆ.

“ನಿಮಗೆ ಕಂಪ್ಯೂಟರ್ ಬರುತ್ತಾ ಮೇಡಂ?”

“ನೀನು ಪಾಠ ಮಾಡೋವಾಗ ಕಾರಿಡಾರಲ್ಲಿ ನಿಂತು ಕಲಿತಿದ್ದೀನಿ ಕಣಮ್ಮ. ಬರದೇ ಇದ್ರೆ ನಿಂದೇ ತಪ್ಪು.”

ಫೆಬ್ರವರಿ 8, ಶನಿವಾರ

ಅಪ್ಪನಿಗೆ ಇಂದು ಬಸ್ಸಿನಿಂದ ರಜೆ. ಅಕ್ಕ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕಾಲು ಚಾಚಿದ್ದಳು. ಇಬ್ಬರನ್ನೂ ವಿದ್ಯಾರ್ಥಿಗಳೆಂದು ಘೋಷಿಸಿದೆ.

ನನ್ನ ಹೆಮ್ಮೆಯ ಪ್ರಶ್ನೆ ಓದಿದೆ: ಒಂದು ಗೇಮಿನಲ್ಲಿ ಆಟಗಾರನಿಗೆ ಹತ್ತು ಲೈಫ್ ಇವೆ. ಪ್ರತಿ ಲೆವೆಲ್ಲಿನಲ್ಲಿ ಎರಡು ಹೋಗುತ್ತವೆ, ಬೋನಸ್ಸಾಗಿ ಒಂದು ಬರುತ್ತದೆ. ನಾಲ್ಕು ಲೆವೆಲ್ ಆದ ಮೇಲೆ ಎಷ್ಟು ಉಳಿಯುತ್ತವೆ?

“ಲೈಫ್ ಅಂದ್ರೆ ಜೀವ ತಾನೇ?” ಅಪ್ಪ. “ಒಬ್ಬನಿಗೆ ಹತ್ತು ಹೆಂಗೆ?”

“ನಮ್ಮ ವಾರ್ಡಲ್ಲಿ ಇರೋ ಒಂದನ್ನ ಉಳಿಸೋಕೇ ಹೆಣಗಾಡ್ತೀವಿ,” ಅಕ್ಕ. “ಈ ಗೇಮಲ್ಲಿ ನರ್ಸ್ ಕೆಲಸ ಖಾಲಿ ಇದ್ರೆ ಹೇಳು.”

ಸರಿ. ಗೇಮಿನಿಂದ ಬಸ್ಸಿಗೆ ಇಳಿದೆ. ಬಸ್ಸಲ್ಲಿ ಹತ್ತು ಜನ. ಪ್ರತಿ ಸ್ಟಾಪಲ್ಲಿ ಇಬ್ಬರು ಇಳಿದು ಒಬ್ಬರು ಹತ್ತುತ್ತಾರೆ. ನಾಲ್ಕು ಸ್ಟಾಪ್—

“ಆರು,” ಎಂದರು ಅಪ್ಪ. ನಾನು ಮುಗಿಸಿರಲಿಲ್ಲ. “ಕಂಡಕ್ಟರ್ ಸೇರಿದ್ರೆ ಏಳು.”

“ಡ್ರೈವರ್?”

“ಡ್ರೈವರನ್ನ ಯಾವನು ಎಣಿಸ್ತಾನೆ ಬಿಡು.”

ಎರಡೂ ಒಂದೇ ಪ್ರಶ್ನೆ. ಸಂಖ್ಯೆ ಅದೇ, ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸುವ ಲೂಪೂ ಅದೇ. ಮೊದಲನೆಯದಕ್ಕೆ ಅಪ್ಪ ಫೇಲು, ಎರಡನೆಯದಕ್ಕೆ ಫಸ್ಟ್ ಕ್ಲಾಸು. ಹಾಗಾದರೆ ಮೊದಲನೆಯದರಲ್ಲಿ ನಾನು ಅಳೆದದ್ದು ಏನನ್ನು? ಲೂಪ್ ಗೊತ್ತೋ ಇಲ್ಲವೋ ಎಂದಲ್ಲ. ಮನೆಯಲ್ಲಿ ಗೇಮ್ ಆಡುವ ಫೋನ್ ಇದೆಯೋ ಇಲ್ಲವೋ ಎಂದು!

ಬರೆದಿದ್ದ ಪ್ರಶ್ನೆಗಳನ್ನೆಲ್ಲ ಮತ್ತೆ ಹರಡಿ ಕೂತೆ. ಪ್ರತಿಯೊಂದರ ಕಿವಿ ಹಿಡಿದು ವಿಚಾರಣೆ — ನೀನು ಕೇಳುತ್ತಿದ್ದೇನೆ ಎನ್ನುತ್ತಿರುವುದು ಒಂದು, ನಿಜವಾಗಿ ಕೇಳುತ್ತಿರುವುದು ಏನು? ಒಂದು ಪ್ರಶ್ನೆ ಬರೀ ಕಾಗುಣಿತ ಕೇಳುತ್ತಿತ್ತು. ಇನ್ನೊಂದು ಭಾಗಾಕಾರ. ಮತ್ತೊಂದರಲ್ಲಿ ಮೊದಲ ಭಾಗ ತಪ್ಪಿದರೆ ಉಳಿದ ಮೂರೂ ಭಾಗ ತಾನಾಗಿ ತಪ್ಪು. ಒಂದು ಸಲ ಎಡವಿದ್ದಕ್ಕೆ ನಾಲ್ಕು ಏಟು.

ಊಟಕ್ಕೆ ಎರಡು ಸಲ ಕರೆದರಂತೆ. ಕೇಳಿಸಲಿಲ್ಲ. ಅಕ್ಕ ಬಂದು ಹಣೆ ಮುಟ್ಟಿ ಜ್ವರ ನೋಡಿದಳು.

ಫೆಬ್ರವರಿ 13, ಗುರುವಾರ

ಇಂದು ‘ಬರೆಯುವ’ ದಿನ. ಸಮಿತಿಯ ಕೋಣೆ, ಎರಡು ಮೇಜು, ಬಾಗಿಲಿಗೆ ಚಿಲಕ.

ಪೇಪರಿನಲ್ಲಿ ಒಂದು ಸಣ್ಣ ಉಡುಗೊರೆ ಇಟ್ಟಿದ್ದೆ. ಆಯ್ಕೆ ಪ್ರಶ್ನೆಗಳು ಹತ್ತು. ಹತ್ತಕ್ಕೂ ಸರಿಯುತ್ತರ ‘ಬಿ’. ತಕ್ಕಡಿ ಎಷ್ಟನೆಯದಕ್ಕೆ ಅಲುಗಾಡುತ್ತದೆ ನೋಡೋಣ ಎಂಬ ಶುದ್ಧ ವೈಜ್ಞಾನಿಕ ಕುತೂಹಲ.

ಓರೆಗಣ್ಣಲ್ಲಿ ನೋಡುತ್ತಿದ್ದೆ. ಬಿ, ಬಿ, ಬಿ, ಬಿ… ಐದನೆಯದಕ್ಕೆ ಪೆನ್ನು ನಿಂತಿತು. ಆರನೆಯದಕ್ಕೆ ಕನ್ನಡಕ ತೆಗೆದು ಹಾಕಿಕೊಂಡರು. ಏಳನೆಯದಕ್ಕೆ ‘ಬಿ’ ಬರೆದರು… ಹೊಡೆದುಹಾಕಿದರು… ‘ಸಿ’ ಬರೆದರು. ನಗು ತಡೆಯಲು ತುಟಿ ಕಚ್ಚಿ ಕಣ್ಣಲ್ಲಿ ನೀರು ಬಂತು. ಒಂಬತ್ತನೆಯದೂ ಹಾಗೇ ಹೋಯಿತು.

ಮುಗಿದ ಮೇಲೆ ಗಂಭೀರವಾಗಿ ತಿದ್ದಿಕೊಟ್ಟೆ. ಹತ್ತಕ್ಕೆ ಎಂಟು.

“ಏಳನೇದು ನಂಗೆ ಗೊತ್ತಿತ್ತು,” ಎಂದರು. ಸಿಟ್ಟಿರಲಿಲ್ಲ.

“ಮತ್ತೆ ಯಾಕೆ ಮೇಡಂ ಹೊಡೆದುಹಾಕಿದ್ರಿ?”

“ಸಾಲಾಗಿ ಏಳು ಬಿ ಬರೋಕೆ ಸಾಧ್ಯವೇ ಇಲ್ಲ ಅನ್ನಿಸ್ತು. ನನ್ನ ತಿಳಿವಳಿಕೆ ಬಿಟ್ಟು ನಿನ್ನ ತಿಳಿವಳಿಕೆ ನಂಬಿದೆ.” ಪೇಪರನ್ನು ನನ್ನ ಕಡೆ ತಿರುಗಿಸಿದರು. “ಏನೂ ಓದದೆ ಬಂದು ಕಣ್ಣು ಮುಚ್ಚಿ ಎಲ್ಲಕ್ಕೂ ಬಿ ಗೀಚಿದವನಿಗೆ ಹತ್ತಕ್ಕೆ ಹತ್ತು. ಓದಿಕೊಂಡು ಬಂದವಳಿಗೆ ಎಂಟು. ಯಾರನ್ನ ತಮಾಷೆ ಮಾಡಿದ ಹಾಗಾಯ್ತು?”

ಹತ್ತು ‘ಬಿ’ಗಳನ್ನೂ ನಾನೇ ಹೊಡೆದುಹಾಕಿದೆ.

ನನ್ನ ಉತ್ತರ ಪತ್ರಿಕೆಯ ಮಾನ ಬೇರೆ ಹೋಯಿತು. ನಾನೇ ತೆಗೆದ ಕೊನೆಯ ಪ್ರಶ್ನೆ ನನ್ನಿಂದಲೇ ಅರ್ಧಕ್ಕೆ ನಿಂತಿತ್ತು, ಸಮಯ ಸಾಲಲಿಲ್ಲ. ಮೇಡಂ ಅದಕ್ಕೆ ಅಡ್ಡಗೆರೆ ಎಳೆದರು. ಅಂಕಗಳನ್ನು ಮತ್ತೆ ಹಂಚಿದೆವು. ಆಯ್ಕೆಯ ಉತ್ತರಗಳ ಜಾಗ ನಿರ್ಧರಿಸಲು ಅವರ ಡ್ರಾಯರಿನಿಂದ ಒಂದು ಲೂಡೋ ದಾಳ ಹೊರಬಂತು. ಒಂದು ಬಿದ್ದರೆ ಎ, ಎರಡಾದರೆ ಬಿ. ಐದೋ ಆರೋ ಬಿದ್ದರೆ ಇನ್ನೊಮ್ಮೆ ಎಸೆಯುವುದು. ಘನ ಪರೀಕ್ಷಾ ಸಮಿತಿ ಒಳಗೆ ಚಿಲಕ ಹಾಕಿಕೊಂಡು ದಾಳ ಎಸೆಯುತ್ತಿದ್ದ ಸದ್ದು ಹೊರಗಿನವರಿಗೆ ಏನೆಂದು ಕೇಳಿಸಿತೋ.

ಮಾರ್ಚ್ 3, ಸೋಮವಾರ

ಪರೀಕ್ಷೆ ಆಯಿತು. ಗೇಟಿನ ಹತ್ತಿರ ನಿಂತು ನೋಡಿದೆ. ಮಕ್ಕಳು ಹನ್ನೊಂದನೇ ಪ್ರಶ್ನೆಯ ಬಗ್ಗೆ ಕಚ್ಚಾಡುತ್ತ ಬಂದರು.

“ನೀನು ಬರೆದದ್ದು ಉದ್ದ ಕಣೋ.”

“ಉದ್ದ ಆದ್ರೇನು, ಉತ್ತರ ಬರುತ್ತಲ್ಲ.”

ಸಮಿತಿಯ ಕೋಣೆಗೆ ಓಡಿದೆ. ತಕ್ಕಡಿ ಮೇಡಂಗೆ ಹೇಳಿದೆ.

“ಅಳ್ತಾ ಬಂದ್ರೆ ಪೇಪರ್ ಕಷ್ಟ. ಕುಣೀತಾ ಬಂದ್ರೆ ಸುಲಭ. ಜಗಳ ಆಡ್ತಾ ಬಂದ್ರೆ ಹೆಚ್ಚುಕಡಿಮೆ ಸರಿ ಇದೆ ಅಂತ. ಮನೆಗೆ ಹೋಗು.”

ಮಾರ್ಚ್ 6, ಗುರುವಾರ

ತಿದ್ದಿ ಮುಗಿಯಿತು. ತಿದ್ದುವ ಮುಂಚೆಯೇ ಹೆಸರು, ನಂಬರ್ ಎರಡರ ಮೇಲೂ ಕಾಗದ ಅಂಟಿಸಿ, ಮೇಲೆ ಗುಟ್ಟಿನ ಸಂಖ್ಯೆ ಹಾಕಿದ್ದರು. ಯಾರದು ಎಂದು ತಿಳಿಯುವಂತಿಲ್ಲ.

ನಲವತ್ತು ಮಕ್ಕಳು. ಪಾಸಾದವರು ಹತ್ತೊಂಬತ್ತು.

ಮೂರು ಸಲ ಎಣಿಸಿದೆ. ಹತ್ತೊಂಬತ್ತೇ. ಹೋದ ವರ್ಷಕ್ಕಿಂತ ಎಷ್ಟೋ ಮೇಲು, ಆದರೆ ಅರ್ಧ ಅಂದರೆ ಇಪ್ಪತ್ತು. ಮುರಿದ ಬೆಂಚುಗಳಿಗೆ ಸ್ವಾಗತ. ಇಪ್ಪತ್ತನೆಯದಾಗಬಹುದಾಗಿದ್ದ ಪೇಪರ್ ಒಂದು ಇದೆ. ಪಾಸಿಗೆ ನಾಲ್ಕು ಅಂಕ ಕಡಿಮೆ.

“ನಾಲ್ಕು ತಾನೇ?” ಎಂದಳು ಅಕ್ಕ. “ಎಲ್ಲಾದ್ರೂ ಒಂದು ಕಡೆ ಚುಚ್ಚು. ನೋವಾಗದ ಹಾಗೆ ನಾನು ಹೇಳಿಕೊಡ್ತೀನಿ.”

ಪೆನ್ನು ಕೈಯಲ್ಲೇ ಇತ್ತು. ಆ ಪೇಪರ್ ತೆರೆಯದೆ ಕಟ್ಟಿನೊಳಗೆ ಸೇರಿಸಿ ದಾರ ಕಟ್ಟಿದೆ. ಪಾಪಕ್ಕೆ ಅಂಜಿ ಅಲ್ಲ, ತಕ್ಕಡಿಗೆ ಅಂಜಿ. ಒಬ್ಬರಿಗೆ ಚುಚ್ಚಿದರೆ ಉಳಿದ ಇಪ್ಪತ್ತು ಜನ ಯಾವ ಪಾಪ ಮಾಡಿದ್ದರು… ಎಂದೂ ಅನ್ನಿಸಿತು. ಸ್ವಲ್ಪ ತಡವಾಗಿ.

ಮಾರ್ಚ್ 7, ಶುಕ್ರವಾರ. ಸಂಜೆ, ಸಮಿತಿಯ ಕೋಣೆ

ಇದನ್ನು ಇಲ್ಲೇ ಕೂತು ಬರೆಯುತ್ತಿದ್ದೇನೆ. ಮೇಡಂ ಅಪ್ಪಣೆ: “ಕೈ ಕಟ್ಟಿಕೊಂಡು ಕೂರು. ಆಗಲ್ಲ ಅಂದ್ರೆ ಏನಾದ್ರೂ ಗೀಚು. ಮೇಜಿನ ಮೇಲಿರೋದನ್ನ ಮುಟ್ಟಬೇಡ.”

ಇಲ್ಲಿ ಇನ್ನೊಂದು ಪದ್ಧತಿ ಇದೆ. ಸೊನ್ನೆ ಕೊಟ್ಟರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಸೊನ್ನೆಗಳನ್ನೆಲ್ಲ ಮೇಡಂ ಓದುತ್ತಾರೆ. ಒಟ್ಟು ಅಂಕ ನೋಡುವುದಿಲ್ಲ. ಅದು ನನ್ನ ಹಾಳೆಯಲ್ಲಿದೆ, ಹಾಳೆ ನನ್ನ ಚೀಲದಲ್ಲಿದೆ.

ಒಂದು ಪೇಪರ್ ಎತ್ತಿ ಹಿಡಿದರು. ಹನ್ನೊಂದನೇ ಪ್ರಶ್ನೆ, ಆರು ಅಂಕ: ಕೆಲವು ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಹುಡುಕುವ ಹಂತಗಳನ್ನು ಬರೆಯಿರಿ. ಮೊದಲನೆಯದನ್ನು ದೊಡ್ಡದೆಂದು ಹಿಡಿ, ಉಳಿದವನ್ನು ಒಂದೊಂದಾಗಿ ಹೋಲಿಸು, ಇನ್ನೂ ದೊಡ್ಡದು ಸಿಕ್ಕರೆ ಅದನ್ನು ಹಿಡಿ. ಇದು ನನ್ನ ಮಾದರಿ ಉತ್ತರ.

“ಸೊನ್ನೆಗೆ ಕಾರಣ, ‘ಮಾದರಿ ಉತ್ತರದಂತೆ ಇಲ್ಲ’,” ಓದಿದರು. “ಇದು ಕಾರಣಾನಾ? ನನ್ನ ಮುಖ ನಿನ್ನ ಮುಖದ ಹಾಗಿಲ್ಲ. ಸೊನ್ನೆ ಹಾಕ್ತೀಯಾ?”

ಮಗು ಬರೆದದ್ದು: ‘ಇಬ್ಬಿಬ್ಬರನ್ನು ಎದುರು ಬದುರು ನಿಲ್ಲಿಸಬೇಕು. ಚಿಕ್ಕವನನ್ನು ಹೊರಗೆ ಕಳಿಸಬೇಕು. ಜೋಡಿ ಸಿಗದೆ ಉಳಿದವನು ಸುಮ್ಮನೆ ಮುಂದಿನ ಸುತ್ತಿಗೆ ಹೋಗಲಿ. ಒಬ್ಬನೇ ಉಳಿಯುವವರೆಗೆ ಹೀಗೇ ಮಾಡಬೇಕು.’

ಸುಸ್ತಾಗಿದ್ದಾಗ ತಿದ್ದಿದ್ದೆ. ಮಾದರಿ ಪಕ್ಕದಲ್ಲಿಟ್ಟುಕೊಂಡು ಸಾಲಿಗೆ ಸಾಲು ಹೊಂದಿಸಿದ್ದೆ. ಕುಸ್ತಿ ಪಂದ್ಯ ಎಂದು ಮುಂದೆ ಹೋಗಿದ್ದೆ. ಈಗ ಓದಿದರೆ… ಇದು ನಡೆಯುತ್ತದಲ್ಲ?

ಕಾಗದ ಅಂಟಿಸಿದ ಆ ಮೂಲೆಯ ಗುಟ್ಟಿನ ಸಂಖ್ಯೆ ನೋಡಿದೆ. ಅದೇ ಪೇಪರ್. ನಾಲ್ಕು ಕಡಿಮೆ ಇರುವುದು.

ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ಮೇಡಂ ತಕ್ಕಡಿಯ ಮೇಲೂ ನನ್ನ ಲ್ಯಾಬಿನ ಭಾರ ಬೀಳುತ್ತದೆ. ಬಾಯಿ ಮುಚ್ಚಿಕೊಂಡೆ. ಚರಿತ್ರೆಯಲ್ಲಿ ಮೊದಲ ಸಲ.

“ನಂಗೆ ತೀರ್ಪು ಕೊಡೋಕೆ ಆಗ್ತಿಲ್ಲ ಮೇಡಂ. ಯಾಕೆ ಅಂತ ಕೇಳಬೇಡಿ.”

ಕೇಳಲಿಲ್ಲ. ಅಟೆಂಡರ್ ಅಣ್ಣನನ್ನು ಕರೆದರು. ಏಳು ಚೀಟಿಯ ಮೇಲೆ ಏಳು ಸಂಖ್ಯೆ ಬರೆದು ಸಾಲಾಗಿ ಇಟ್ಟರು. “ಈ ಹಾಳೇಲಿ ಏನಿದೆಯೋ ಅಷ್ಟೇ ಮಾಡಿ. ಸ್ವಂತ ಬುದ್ಧಿ ಬೇಡ.”

“ಅದೇನು ಕಷ್ಟ,” ಎಂದರು ಅಣ್ಣ. “ಇಲ್ಲಿ ಕೆಲಸಕ್ಕೆ ಸೇರಿದಾಗಿಂದ ಅದನ್ನೇ ಮಾಡ್ತಿದ್ದೀನಿ.”

ಹದಿನಾಲ್ಕು, ಒಂಬತ್ತು. ಒಂಬತ್ತು ಹೊರಗೆ. ಮೂವತ್ತೆರಡು, ಐದು. ಐದು ಹೊರಗೆ. ಮುಂದಿನ ಜೋಡಿ ಮೂವತ್ತೆರಡು, ಇಪ್ಪತ್ತು… ಎರಡನೇ ಮೂವತ್ತೆರಡು! ಮೇಡಂ ಬೇಕೆಂದೇ ಇಟ್ಟಿದ್ದಾರೆ. ಮುರಿಯಲು. ಇಪ್ಪತ್ತು ಹೊರಗೆ. ಹನ್ನೊಂದಕ್ಕೆ ಜೋಡಿ ಇಲ್ಲ, ಸುಮ್ಮನೆ ಮುಂದಿನ ಸುತ್ತಿಗೆ. ಎರಡನೇ ಸುತ್ತು. ಹದಿನಾಲ್ಕು ಹೋಯಿತು, ಹನ್ನೊಂದು ಹೋಯಿತು.

ಎರಡು ಚೀಟಿ. ಎರಡೂ ಮೂವತ್ತೆರಡು.

“ಚಿಕ್ಕದನ್ನ ಹೊರಗೆ ಹಾಕು ಅಂತಿದೆ. ಇದರಲ್ಲಿ ಚಿಕ್ಕದು ಯಾವುದಮ್ಮ?”

“ಹಾಳೇಲಿ ಇದ್ದಷ್ಟೇ.”

“ಹಾಳೇಲಿ ಇಲ್ಲ. ಯಾವುದು ಎತ್ತಿದ್ರೂ ಉಳಿಯೋದು ಮೂವತ್ತೆರಡೇ. ಆದ್ರೆ ಸ್ವಂತ ಬುದ್ಧಿ ಬೇಡ ಅಂದ್ರಲ್ಲ.” ಗಂಟೆ ಹೊಡೆಯುವ ಹೊತ್ತಾಯಿತೆಂದು ಹೊರಟುಹೋದರು.

ಮೇಡಂ ಎರಡು ಖಾಲಿ ಚೀಟಿ ಹರಿದರು. ಆರಕ್ಕೆ ಎಷ್ಟು ಎಂದು ಇಬ್ಬರೂ ಬೇರೆ ಬೇರೆ ಬರೆಯುವುದು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಅದೇ ಅಂಕ.

ಪಕ್ಷಪಾತ ಬರದಿರಲೆಂದು ಇದು ಬೇರೆ ಯಾವುದೋ ಶಾಲೆಯ ಪೇಪರ್ ಎಂದುಕೊಂಡೆ. ನನಗೆ ಇದರಿಂದ ನಷ್ಟವಾಗುತ್ತದೆ ಎಂದುಕೊಂಡೆ. ಆಗಲೂ ಎಷ್ಟು? ಬರೆದು ಮಡಚಿದೆ. ಐದು. ಅವರದು ಮೂರಾದರೂ ಇದ್ದರೆ ಲ್ಯಾಬ್ ಉಳಿಯುತ್ತದೆ. ಎರಡಾದರೆ ಇಲ್ಲ.

ನನ್ನದನ್ನು ಮೊದಲು ಬಿಡಿಸಿದರು.

“ಐದು. ಒಂದು ಯಾಕೆ ಕಡಿಮೆ?”

“ಸಮ ಬಂದ್ರೆ ಏನು ಮಾಡಬೇಕು ಅಂತ ಬರೆದಿಲ್ಲ ಮೇಡಂ.”

“ಸಮ ಬರಬಹುದು ಅಂತ ಪ್ರಶ್ನೇಲಿ ನೀನು ಬರೆದಿದ್ದೀಯಾ?”

ಇಲ್ಲ.

“ಹಾಗಾದ್ರೆ ಆ ಒಂದು ಯಾರಿಗೆ ಕಡಿಮೆ ಮಾಡಬೇಕು?”

ಈಗ ಕನ್ನಡಕ ಒರೆಸುತ್ತಿದ್ದಾರೆ. ಹೊರಗೆ ಗಂಟೆ ಹೊಡೆಯುತ್ತಿದೆ. ಅವರ ಚೀಟಿ ಅಂಗೈಯಲ್ಲಿದೆ, ಇನ್ನೂ ಮಡಚಿದೆ… ಒಂದು ಮಡಿಕೆ ಬಿಡಿಸಿದರು. ತುಟಿಯ ಅಂಚಿನಲ್ಲಿ ಏನೋ ಇದೆ. ಇನ್ನೊಂದು ಮಡಿಕೆ. ಕೆಂಪು ಶಾಯಿ, ಇಲ್ಲಿಂದಲೇ ಕಾಣುತ್ತಿದೆ, ಅದು—